ಹೊಯ್ಸಳ ಶಿಲ್ಪಕಲೆ: ನೆಲದ ನಂಟಿನ ಇತಿಹಾಸ

ಹೊಯ್ಸಳ ಶಿಲ್ಪಕಲೆ 12 ಮತ್ತು 13ನೆಯ ಶತಮಾನಗಳಲ್ಲಿ ಬೇಲೂರು, ಹಳೇಬೀಡು, ಅರಸೀಕೆರೆಗಳ ಸುತ್ತ, ಮಲೆನಾಡು ಮುಗಿದು ಬಯಲುಸೀಮೆ ತೊಡಗುವೆಡೆಯಲ್ಲಿ ಅರಳಿತು. ನೆಲಕ್ಕೂ ಈ ಕಲೆಗೂ ಇರುವ ನಂಟನ್ನು ಬಹಳಷ್ಟು ಬರಹಗಳು ಒಂದೇ ಮಾತಿನಲ್ಲಿ ಮುಗಿಸುತ್ತವೆ: ಬಳಪದ ಕಲ್ಲು ಮೆದು, ಆದ್ದರಿಂದ ಕುಸುರಿ ನವಿರು. ಇದು ಅರ್ಧ ಸತ್ಯ. ಅಗೆದು ತೆಗೆದಾಗ ಉಳಿಗೆ ಸುಲಭವಾಗಿ ಮಣಿದು, ಗಾಳಿ ತಾಕುತ್ತ ಗಡಸಾಗುವ ಈ ಕಲ್ಲಿಲ್ಲದೆ ಬೇಲೂರಿನ ಮದನಿಕೆಯೊಬ್ಬಳ, ಅಂದರೆ ಸೂರಿಗೆ ಒರಗಿದ ಸುಂದರಿ ವಿಗ್ರಹವೊಂದರ, ಎಲೆಚಪ್ಪರದಲ್ಲಿ ಹಣ್ಣಿನ ಮೇಲಿನ ನೊಣವನ್ನೂ ಅದಕ್ಕೆ ಹೊಂಚು ಹಾಕಿದ ಹಲ್ಲಿಯನ್ನೂ ಕಡೆಯುವುದು ಕಷ್ಟವಿತ್ತು. ಆದರೆ ಇದೇ ಬಗೆಯ ಕಲ್ಲನ್ನು ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಅಣ್ಣಿಗೇರಿ, ಲಕ್ಕುಂಡಿಗಳಲ್ಲಿ 11ನೆಯ ಶತಮಾನದಲ್ಲೇ ಕಡೆದಿದ್ದರು. ಬೇಲೂರಿಗಿಂತ ಕೆಲವೇ ವರ್ಷ ಮೊದಲು, 1113ರ ಸುಮಾರಿಗೆ, ಸಹಜಾದೇವಿ ಕಟ್ಟಿಸಿದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವೂ ಬಳಪದ ಕಲ್ಲಿನದೇ. ಆದರೂ ಅದರ ಹೊರಗೋಡೆಗಳಲ್ಲಿ ಬೇಲೂರಿನ ವಿಗ್ರಹಸಂಪತ್ತು ಇಲ್ಲ. ಕಲ್ಲು ಅವಕಾಶ ಕೊಟ್ಟಿತೇ ಹೊರತು ಕಲೆಯನ್ನು ಹುಟ್ಟಿಸಲಿಲ್ಲ.

ಇನ್ನೊಂದು ಗೊಂದಲ ಶಿಲ್ಪಿಗಳದು. ಜನರ ನಾಲಗೆಯ ಮೇಲಿರುವ ಜಕಣಾಚಾರಿಯ ಕಥೆ ಇಡೀ ಕಲೆಯನ್ನು ಕೈದಾಳದ ಒಬ್ಬನೇ ಮಹಾಶಿಲ್ಪಿಗೆ ಒಪ್ಪಿಸುತ್ತದೆ. ಕಲ್ಲಿನ ಮೇಲಿನ ಅಂಕಿತಗಳು ಹೇಳುವುದು ಬೇರೆ. ಹೊಯ್ಸಳ ಅರಸ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ಬಳ್ಳಿಗಾವೆ ಇಂದಿನ ಶಿಕಾರಿಪುರ ತಾಲ್ಲೂಕಿನ ಊರು, ಅಂದು ಚಾಲುಕ್ಯರ ನಾಡಿನ ದೊಡ್ಡ ಪಟ್ಟಣ. ಕೈಗಳೇ ಹೊರಗಿನವಾದ ಮೇಲೆ ಈ ಕಲೆಯನ್ನು ಈ ನೆಲದ್ದು ಎನ್ನುವುದು ಹೇಗೆ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಶಿಲ್ಪಿಗಳ ಹುಟ್ಟೂರಿನಲ್ಲಿ ಸಿಗದು. ಅವರನ್ನು ಕರೆತಂದು ತಲೆಮಾರುಗಟ್ಟಲೆ ಸಾಕಿದ್ದು ಯಾವುದು ಎಂಬುದರಲ್ಲಿ ಸಿಗುತ್ತದೆ.

ಸಾಕಿದ್ದು ಕೆರೆ ಮತ್ತು ಗದ್ದೆ. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ರಾಜಧಾನಿಗೆ ಹೆಸರು ಬಂದದ್ದೇ ಅದರ ಹಿರಿಯ ಕೆರೆಯಿಂದ. ಅರಸೀಕೆರೆಯೂ ಅರಸಿಯ ಹೆಸರಿನ ಕೆರೆಯೇ. ಈ ಸೀಮೆಯ ದೇವಾಲಯ ಶಾಸನಗಳಲ್ಲಿ ದೇವರ ಅಂಗಭೋಗಕ್ಕೂ ಜೀರ್ಣೋದ್ಧಾರಕ್ಕೂ ಬಿಟ್ಟ ಗದ್ದೆ, ಬೆದ್ದಲು, ತೋಟಗಳ ಲೆಕ್ಕ ಎಲ್ಲೆಕಟ್ಟುಗಳ ಸಮೇತ ಬರುತ್ತದೆ. ಇಂಥ ದತ್ತಿ ಕರ್ನಾಟಕದ ಎಲ್ಲೆಡೆಯೂ ಇದೆ, ಇದರಲ್ಲಿ ಹೊಯ್ಸಳರದೇನು ವಿಶೇಷ ಎನ್ನಬಹುದು. ಬರವಣಿಗೆಯ ಪಡಿಯಚ್ಚು ಎಲ್ಲೆಡೆಯದು ನಿಜ. ಇಲ್ಲಿ ಗಮನಿಸಬೇಕಾದದ್ದು ಕಟ್ಟಿಸಿದವರ ಹರಹು. ಹಳೇಬೀಡಿನ ಹೊಯ್ಸಳೇಶ್ವರದ ಹಿಂದೆ ಅಧಿಕಾರಿ ಕೇತಮಲ್ಲನಿದ್ದಾನೆ. ಅರಸೀಕೆರೆಯ ಬಳಿಯ ಹಾರನಹಳ್ಳಿಯ ಗುಡಿಗಳನ್ನು 1235ರ ಸುಮಾರಿಗೆ ಕಟ್ಟಿಸಿದವರು ಪೆದ್ದಣ್ಣ ಹೆಗ್ಗಡೆ ಮತ್ತು ಅವನ ಸೋದರರು. ಅರಸೀಕೆರೆಯಲ್ಲೇ, 1220ರ ಆಸುಪಾಸಿನಲ್ಲಿ, ಈಶ್ವರ ದೇವಾಲಯವೂ ಮಂತ್ರಿ ರೇಚರಸನ ಸಹಸ್ರಕೂಟ ಜಿನಾಲಯವೂ ಎದ್ದವು. ಅರಮನೆಯೊಂದನ್ನೇ ನೆಚ್ಚಿದ ಕಲೆ ಇಷ್ಟು ಊರುಗಳಿಗೆ ಹರಡುವುದಿಲ್ಲ. ಊರೂರಲ್ಲಿ ಕೆರೆಯ ನೀರುಂಡ ನೆಲದ ಹುಟ್ಟುವಳಿಯಿದ್ದುದರಿಂದಲೇ ಅದು ಹರಡಿತು.

ಇದಕ್ಕೆ ಬಲವಾದ ಸಾಕ್ಷಿ ಕಲೆ ನಿಂತುಹೋದ ಬಗೆ. 1311ರಲ್ಲಿ ದೆಹಲಿ ಸುಲ್ತಾನನ ಸೇನಾನಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂತು. ಮುಂದೆ ದೆಹಲಿಯ ತುಘಲಕ್ ಸೇನೆಯೂ ದಾಳಿಯಿಟ್ಟಿತು. ಹೊಯ್ಸಳ ಅರಸ ಮೂರನೆಯ ಬಲ್ಲಾಳ ತಿರುವಣ್ಣಾಮಲೆಯನ್ನು ನೆಲೆ ಮಾಡಿಕೊಂಡ. ಬಳಪದ ಕಲ್ಲು ಇದ್ದಲ್ಲೇ ಇತ್ತು, ಆದರೆ ಶಿಲ್ಪಿಗಳನ್ನು ಸಾಕಿದ ಏರ್ಪಾಡು ಚದುರಿದ ಮೇಲೆ ಈ ಪ್ರಮಾಣದ ಗುಡಿ ಇಲ್ಲಿ ಮತ್ತೆ ಏಳಲಿಲ್ಲ.

ಬಿ. ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಅಚ್ಚು ಮಾಡಿಸಿದ ಮೇಲೆ ಈ ದತ್ತಿಗಳ ಓದು ಸಾಧ್ಯವಾಯಿತು. ಆದರೂ ಶಿಲ್ಪದ ಚರ್ಚೆ ಒಂದು ಕಡೆ, ನೆಲದ ಲೆಕ್ಕ ಇನ್ನೊಂದು ಕಡೆ ಉಳಿದುಬಂದಿದೆ. ಊರೂರಿಗೆ ಹರಡಿದ ಈ ಕಲೆಯ ನೆಲೆಗಳಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರ. ನಕ್ಷತ್ರಾಕಾರದ ತೆರೆದ ಮುಖಮಂಟಪದ ಮೇಲೆ ಗುಮ್ಮಟದಂಥ ಒಳಛಾವಣಿ ಹೊತ್ತ ಅರಸೀಕೆರೆಯ ಈಶ್ವರ ದೇವಾಲಯ ಅದರಲ್ಲಿಲ್ಲ; ಹಾರನಹಳ್ಳಿಯೂ ಇಲ್ಲ.