ಆವನಿ ಸೀಮೆಯ ಕೆರೆಗಳು, ಚಳಿಗಾಲದ ಹಕ್ಕಿಗಳು

ಕೋಲಾರ ಜಿಲ್ಲೆಯ ಆವನಿ ಬೆಟ್ಟದ ಸುತ್ತಮುತ್ತ ತಾನಾಗಿ ಹುಟ್ಟಿದ ಸರೋವರ ಒಂದೂ ಇಲ್ಲ. ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ಮುಳಬಾಗಿಲು, ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆಗೆ ಚಳಿಗಾಲದಲ್ಲಿ ಬರುವ ಬಾತು, ಗೊರವ, ಉಲ್ಲಂಕಿಗಳು ಇಳಿಯುವುದು ಜನ ಮಣ್ಣು ಹೊತ್ತು ಕಟ್ಟಿದ ಏರಿಯ ಹಿಂದೆ ನಿಂತ ನೀರಿಗೆ. ಹಾಗಾಗಿ ಇಲ್ಲಿಯ ವಲಸೆ ಹಕ್ಕಿಗಳ ಕಥೆಯನ್ನು ಕೆರೆಗಳ ಕಥೆಯಿಂದ ಬಿಡಿಸಿ ಹೇಳಲಾಗದು. ಕರಾವಳಿಯಲ್ಲಿ ಹಾಗಲ್ಲ. ಅಘನಾಶಿನಿ ಅಳಿವೆಯ ಕೆಸರು ಉಬ್ಬರ ಇಳಿತಕ್ಕೆ ತಕ್ಕಂತೆ ದಿನಕ್ಕೆ ಎರಡು ಸಲ ತೆರೆದು ಮುಚ್ಚಿಕೊಳ್ಳುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕೋಲಾರ ಸೀಮೆಯ ಕೆರೆಯಲ್ಲಿ ಕೆಸರು ಕಾಣಿಸಿಕೊಳ್ಳುತ್ತಿದ್ದುದು ಗದ್ದೆಗಳಿಗೆ ನೀರು ಹಂಚುವ ನೀರಗಂಟಿ ತೂಬು ಎತ್ತಿದ ಮೇಲೆ.

ಈ ಭಾಗದಲ್ಲಿ ಬೀಳುವ ಮಳೆ ಪಾಲಾರ್, ದಕ್ಷಿಣ ಪಿನಾಕಿನಿ, ಉತ್ತರ ಪಿನಾಕಿನಿ ಎಂಬ ಮೂರು ನದಿಗಳ ಪಾಲಾಗುತ್ತದೆ. ಮೂರೂ ಬಂಗಾಳ ಕೊಲ್ಲಿಯ ದಾರಿ ಹಿಡಿದವು, ಮೂರೂ ವರ್ಷದ ಬಹುಭಾಗ ಬರಿ ಮರಳು. ನೀರು ಹರಿದುಹೋಗುವ ಮುನ್ನವೇ ಅದನ್ನು ಹಳ್ಳದಲ್ಲಿ ತಡೆದು, ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಬೀಳುವಂತೆ ಸರಪಳಿ ಹೂಡಿದ್ದು ಇಲ್ಲಿಯವರ ಉಪಾಯ. ಚಿಕ್ಕಬಳ್ಳಾಪುರ ಬೇರೆಯಾಗುವ ಮೊದಲಿನ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ 1866ರಲ್ಲಿ ಸಂಸ್ಥಾನದ ಕೆರೆಗಳನ್ನು ಕುರಿತು ಬರೆಯುತ್ತ, ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕುವುದೇ ಜಾಣತನದ ಕೆಲಸ ಎಂಬ ಅರ್ಥದ ಮಾತು ಹೇಳಿದ್ದ. ಜಾಗ ಸಿಕ್ಕರೂ ಕಟ್ಟುವುದು ಮುಂದೆ ಸುಲಭವಾಗಲಿಲ್ಲ. 1892ರ ಮದರಾಸು-ಮೈಸೂರು ಒಪ್ಪಂದದ ಪ್ರಕಾರ ಪಾಲಾರ್ ಮೊದಲಾದ ನದಿಗಳ ಮೇಲ್ಭಾಗದಲ್ಲಿ ಹೊಸ ನೀರಾವರಿ ಕಾಮಗಾರಿಗೆ ಮದರಾಸಿನ ಒಪ್ಪಿಗೆ ಬೇಕಾಯಿತು.

ಕೆರೆಗಳ ವಯಸ್ಸನ್ನು ತಿಳಿಯಲು ಆವನಿಯೇ ಒಳ್ಳೆಯ ಜಾಗ. ಊರವರ ಬಾಯಲ್ಲಿ ಇದು ಆವಣಿ. ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳು ಒಂದೇ ಪ್ರಾಕಾರದೊಳಗಿವೆ. ನೊಳಂಬರ ಕಾಲದಲ್ಲಿ ಇದು ದೊಡ್ಡ ಶೈವ ಕ್ಷೇತ್ರ. 10ನೇ ಶತಮಾನದಲ್ಲಿ ಇಲ್ಲಿಯ ಸ್ಥಾನಪತಿಯಾಗಿದ್ದ ತ್ರಿಭುವನಕರ್ತರದೇವ ನಲವತ್ತು ವರ್ಷ ಅಧಿಕಾರ ನಡೆಸಿ ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಶಾಸನ ಹೇಳುತ್ತದೆ. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ ಕೋಲಾರ ಜಿಲ್ಲೆಯದು. ಅದನ್ನು ಓದುವವರು ಗುಡಿಗಳ ಲೆಕ್ಕ ಹಿಡಿಯುತ್ತಾರೆ, ಕೆರೆಗಳನ್ನು ದಾಟಿಬಿಡುತ್ತಾರೆ. ಹಕ್ಕಿಯ ದೃಷ್ಟಿಯಲ್ಲಿ ಐವತ್ತು ಗುಡಿಗಳಿಗಿಂತ ಆ ಎರಡು ಕೆರೆಗಳೇ ಹೆಚ್ಚಿನವು.

ಬೇತಮಂಗಲದ ಕೆರೆಯ ಕಥೆ ಇನ್ನೂ ಉದ್ದ. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ, ಬಾಣ ವಂಶದ ದೊರೆಯ ಹೆಸರಿನದು. ಪಾಲಾರ್ ಪಾತ್ರದಲ್ಲೇ ಇರುವ ಈ ಕೆರೆ ಒಡೆದು, ನೊಳಂಬರ ಕಾಲದಲ್ಲಿ ಒಮ್ಮೆ, ಹೊಯ್ಸಳರ ಕಾಲದಲ್ಲಿ 1155ರಲ್ಲಿ ಮತ್ತೊಮ್ಮೆ ದುರಸ್ತಿಯಾಯಿತು. 20ನೇ ಶತಮಾನದ ಆರಂಭದಲ್ಲಿ ಇದರ ನೀರು ಶುದ್ಧಗೊಂಡು ಕೊಳವೆಯಲ್ಲಿ ಚಿನ್ನದ ಗಣಿಯ ಕಾಲೊನಿಗಳಿಗೆ ಹರಿಯತೊಡಗಿತು. ಒಂದೇ ಏರಿ ಸಾವಿರ ವರ್ಷ ಭತ್ತಕ್ಕೂ ಗಣಿಗೂ ನೀರು ಕೊಟ್ಟಿದೆ.

ಕೆರೆ ಎಂದರೆ ನೀರು ತುಂಬಿದ ಬಟ್ಟಲಲ್ಲ. ಏರಿಯ ಬುಡದಲ್ಲಿ ಆಳ, ಹಿಂದಕ್ಕೆ ಹೋದಂತೆ ಮೊಣಕಾಲುದ್ದ, ಆಮೇಲೆ ಕಣಕಾಲುದ್ದ, ಕೊನೆಗೆ ಜೊಂಡು ಬೆಳೆದ ಜೌಗು, ಅದರಾಚೆ ದನ ಮೇಯುವ ಅಂಗಳ. ಈ ಇಳಿಜಾರು ಇರುವುದರಿಂದಲೇ ಬೇರೆಬೇರೆ ಉದ್ದದ ಕಾಲು, ಕೊಕ್ಕು ಇರುವ ಹಕ್ಕಿಗಳು ಒಂದೇ ಕೆರೆಯಲ್ಲಿ ಜಗಳವಿಲ್ಲದೆ ಹೊಟ್ಟೆ ಹೊರೆಯುತ್ತವೆ. ಏರಿಯ ಕಡೆಯ ಆಳದಲ್ಲಿ ನೀರುಕಾಗೆ, ಗುಳುಮುಳುಕ ಮುಳುಗಿ ಮೀನು ಹಿಡಿಯುತ್ತವೆ. ಮೊಣಕಾಲುದ್ದದ ನೀರಿನಲ್ಲಿ ಸೂಜಿಬಾಲದ ಬಾತು ತಲೆ ಕೆಳಗೆ ಮಾಡಿ, ಬಾಲ ಆಕಾಶಕ್ಕೆ ನೆಟ್ಟು, ತಳದ ಬೇರು ಬೀಜಗಳನ್ನು ಕೀಳುತ್ತದೆ. ಸೌಟಿನಂಥ ಕೊಕ್ಕಿನ ಚಲುಕ ಬಾತು ತಲೆಯನ್ನು ನೀರಿಗೆ ಸವರುತ್ತ ಸಾಗುತ್ತದೆ; ಅದರ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಸೀಳುಗಳಿದ್ದು, ನೀರು ಹೊರಗೆ ಸೋರಿ ಹುಳುಹುಪ್ಪಟೆ ಒಳಗೇ ಉಳಿಯುತ್ತವೆ. ಕಣಕಾಲುದ್ದದಲ್ಲಿ ಮೆಟ್ಟುಗಾಲು ಹಕ್ಕಿ, ಕೆಸರಂಚಿನಲ್ಲಿ ಗದ್ದೆಗೊರವ, ಜೊಂಡಿನ ಮೇಲೆ ತಗ್ಗಿ ಹಾರುವ ಜೌಗು ಸೆಳೆವ.

ಇವೆಲ್ಲ ಒಟ್ಟಿಗೆ ಬರುವುದೂ ಇಲ್ಲ. ಗದ್ದೆಗೊರವಗಳು ಆಗಸ್ಟ್ ಹೊತ್ತಿಗೇ ಬರುತ್ತವೆ. ಬಿಳಿಹುಬ್ಬಿನ ಬಾತುಗಳು ಬಾತುಗಳಲ್ಲೆಲ್ಲ ಮೊದಲಿಗರು. ಸೆಪ್ಟೆಂಬರಿನಲ್ಲಿ ಏರಿಯ ಮೇಲೆ ಬಾಲ ಕುಣಿಸುವ ಸಿಪಿಲೆಗಳು, ತಂತಿಗಳ ಮೇಲೆ ಕವಲುತೋಕೆಗಳು. ಕೋಲಾರದ ಕಡೆ ಹಿಂಗಾರು ಅಕ್ಟೋಬರ್, ನವೆಂಬರಿನಲ್ಲಿ ಸುರಿದು ಕೆರೆ ತುಂಬಿಸಿದರೆ ದೊಡ್ಡ ಹಿಂಡುಗಳಿಗೆ ಜಾಗವಾಗುತ್ತದೆ. ಆದರೆ ತುಂಬಿ ಕೋಡಿ ಬಿದ್ದ ಕೆರೆ ಬಾತುಗಳಿಗೆ ಮಾತ್ರ ಅನುಕೂಲ, ಗೊರವಗಳಿಗೆ ಕಾಲೂರಲು ನೆಲವಿರುವುದಿಲ್ಲ. ತೂಬಿನಿಂದ ನೀರು ಅಚ್ಚುಕಟ್ಟಿಗೆ ಹರಿದಂತೆ ದಿನಕ್ಕೆ ಗೇಣು, ಮಾರು ನೆಲ ಹೊರಬೀಳುತ್ತದೆ. ಆ ಹಸಿ ಕೆಸರಿನಲ್ಲಿ ಹುಳ ಇನ್ನೂ ಜೀವಂತ. ಉಲ್ಲಂಕಿಯ ಉದ್ದ ಕೊಕ್ಕಿನ ತುದಿ ಮೆತ್ತಗೆ ಬಾಗಬಲ್ಲದು. ಕೊಕ್ಕನ್ನು ಬುಡದ ತನಕ ಇಳಿಸಿ, ಮಣ್ಣಿನೊಳಗೇ ತುದಿಯನ್ನಷ್ಟೇ ತೆರೆದು ಹುಳ ಹಿಡಿಯುತ್ತದೆ. ಕೆಸರು ಒಣಗಿ ಬಿರಿದರೆ ಆ ಕೊಕ್ಕು ವ್ಯರ್ಥ. ಜನವರಿಯಿಂದ ಮಾರ್ಚ್‌ವರೆಗೆ ನೀರಂಚು ಹಿಂದೆ ಸರಿದಂತೆ ಹಕ್ಕಿಗಳ ಸಾಲೂ ಅದರ ಜೊತೆ ಏರಿಯತ್ತ ಸರಿಯುತ್ತದೆ.

ತೂಬು ಎತ್ತುವ ಕೆಲಸ ನೀರಗಂಟಿಯದು. ಯಾರ ಗದ್ದೆಗೆ ಎಷ್ಟು ಹೊತ್ತು, ಮೇಲಿನವರಿಗೋ ಕೆಳಗಿನವರಿಗೋ ಎಂಬ ಲೆಕ್ಕ ಆತನ ತಲೆಯಲ್ಲಿರುತ್ತಿತ್ತು. ಮಳೆ ಕಡಿಮೆಯಾದ ವರ್ಷ ಗದ್ದೆಯ ವಿಸ್ತೀರ್ಣವನ್ನೇ ತಗ್ಗಿಸಿ, ಕೆರೆಯ ತಳದಲ್ಲಿ ದನಕರುಗಳಿಗೆಂದು ನೀರು ಉಳಿಸುವುದೂ ಇತ್ತು. ಹಕ್ಕಿಗಳಿಗಾಗಿ ಯಾರೂ ತೂಬು ಎತ್ತಲಿಲ್ಲ, ಇಳಿಸಲೂ ಇಲ್ಲ. ಆದರೂ ಭತ್ತದ ಬೆಳೆಗೆ ಹೊಂದಿಸಿದ ಆ ನಿಧಾನದ ಇಳಿತ, ಉತ್ತರದಿಂದ ಬಂದ ಹಕ್ಕಿಗಳ ಐದಾರು ತಿಂಗಳ ವಾಸಕ್ಕೆ ಸರಿಹೊಂದಿತು. ಚಳಿಗಾಲವಿಡೀ ದಿನವೂ ಏರಿಯ ಮೇಲೆ ನಡೆದ ನೀರಗಂಟಿಯನ್ನು ಈ ಸೀಮೆಯ ಮೊದಲ ಹಕ್ಕಿ ವೀಕ್ಷಕ ಎಂದರೆ ತಪ್ಪಾಗದು. ಬರೆದಿಡಲಿಲ್ಲ ಎಂಬುದೊಂದೇ ಕೊರತೆ.

ಬರೆಯದಿದ್ದರೂ ಹೆಸರಿಟ್ಟವರು ಇದ್ದರು. ಹಣೆಯ ಮೇಲೆ ಬಿಳಿ ಪಟ್ಟಿ ಇರುವ ಕರಿ ಹಕ್ಕಿ ‘ನಾಮದ ಕೋಳಿ’. ಗುಳುಕ್ಕನೆ ಮುಳುಗುವುದು ‘ಗುಳುಮುಳುಕ’. ಕೊಕ್ಕು ಪೂರ್ತಿ ಮುಚ್ಚಿಕೊಳ್ಳದ ಕೊಕ್ಕರೆ ‘ಬಾಯ್ಕಳಕ’. ಹತ್ತಿರ ನಿಂತು ನೋಡಿದವರಿಗಲ್ಲದೆ ಹೊಳೆಯುವ ಹೆಸರುಗಳಲ್ಲ ಇವು. ಅದೇ ದೂರದಲ್ಲಿ ತೇಲುವ ವಲಸೆ ಬಾತುಗಳೆಲ್ಲ ಹಳ್ಳಿಯವರಿಗೆ ಬರಿ ‘ನೀರುಕೋಳಿ’. ಸೂಜಿಬಾಲ, ಬಿಳಿಹುಬ್ಬು ಎಂಬ ವಿವರಣೆಯಂಥ ಹೆಸರುಗಳನ್ನು ನೋಡಿದರೆ ಅವು ದುರ್ಬೀನು ಬಂದ ಮೇಲಿನವು ಎನಿಸುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕಗಳು ಇಂಥ ಹೆಸರುಗಳನ್ನು ಕನ್ನಡ ಓದುಗರ ಮನೆಗೆ ತಂದವು.

ಲಿಖಿತ ದಾಖಲೆ ಶುರುವಾದದ್ದು ಬಂದೂಕಿನ ಜೊತೆಗೆ. ಮದರಾಸು ಸೇನೆಯ ವೈದ್ಯ ಟಿ. ಸಿ. ಜೆರ್ಡಾನ್ 1839ರಿಂದ ದಕ್ಷಿಣ ಭಾರತದ ಹಕ್ಕಿಗಳ ಪಟ್ಟಿ ಪ್ರಕಟಿಸತೊಡಗಿ, 1862ರಿಂದ 1864ರ ನಡುವೆ ‘ಬರ್ಡ್ಸ್ ಆಫ್ ಇಂಡಿಯಾ’ ಹೊರತಂದ. ನಂದಿಯಂಥ ಬೋಳು ಬಂಡೆ ಬೆಟ್ಟಗಳಿಗೇ ಅಂಟಿಕೊಂಡ ಹಳದಿ ಕೊರಳಿನ ಪಿಕಳಾರವನ್ನು 1845ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವನೂ ಅವನೇ. ಆ ಕಾಲದಲ್ಲಿ ಹಕ್ಕಿಯನ್ನು ಗುರುತಿಸುವುದೆಂದರೆ ಹೊಡೆದು ಕೈಯಲ್ಲಿ ಹಿಡಿಯುವುದು. 1864ರಲ್ಲಿ ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಬಿದ್ದ ಮೇಲೆ ಮಾಲೂರು, ಟೇಕಲ್ ಕಡೆಯ ಕೆರೆಗಳು ಅಧಿಕಾರಿಗಳಿಗೆ ಒಂದು ಬೆಳಗಿನ ಪಯಣದಷ್ಟು ಹತ್ತಿರವಾದವು. 1880ರಿಂದ ಜಾನ್ ಟೇಲರ್ ಕಂಪನಿಯ ಗಣಿಗಾರಿಕೆ ಬೆಳೆದು ಕೋಲಾರದ ಪಕ್ಕದಲ್ಲೇ ಒಂದು ಯುರೋಪಿಯನ್ ಊರು ಎದ್ದಿತು. ಚಳಿಗಾಲದ ಉಲ್ಲಂಕಿ ಬೇಟೆ ಬ್ರಿಟಿಷರ ಕಾಲದ ದೊಡ್ಡ ಗೀಳು. ಎದ್ದ ಕೂಡಲೇ ಅಂಕುಡೊಂಕಾಗಿ ಹಾರುವ ಹಕ್ಕಿಗೆ ಚರೆ ತಾಗಿಸುವುದು ಕೈಚಳಕದ ಪರೀಕ್ಷೆಯಾಗಿತ್ತು.

ಹಕ್ಕಿ ಬೇಟೆಯ ಕಥೆಯೊಂದಿಗೆ ಆವನಿ ಬೆಟ್ಟಕ್ಕೆ ಒಂದು ವಿಚಿತ್ರ ನಂಟಿದೆ. ಸ್ಥಳಪುರಾಣದ ಪ್ರಕಾರ ವಾಲ್ಮೀಕಿಯ ಆಶ್ರಮ ಇದೇ ಬೆಟ್ಟದಲ್ಲಿತ್ತು, ಲವಕುಶರು ಹುಟ್ಟಿದ್ದೂ ಇಲ್ಲೇ. ಬೆಟ್ಟದ ಮೇಲೆ ಸೀತೆಯ ಗುಡಿಯಿದೆ. ರಾಮಾಯಣ ಹುಟ್ಟಿದ್ದು ಬೇಡನ ಬಾಣಕ್ಕೆ ಬಿದ್ದ ಕ್ರೌಂಚವನ್ನು ಕಂಡ ಮುನಿಯ ಸಂಕಟದಿಂದ ಎನ್ನುತ್ತದೆ ಕಾವ್ಯ. ಆ ಕ್ರೌಂಚ ಯಾವ ಹಕ್ಕಿ ಎಂಬ ಚರ್ಚೆಯಲ್ಲಿ ಸಾರಸ ಕೊಕ್ಕರೆಯತ್ತ ಬೆರಳು ಮಾಡುವವರು ಹೆಚ್ಚು. ಉತ್ತರ ಭಾರತದ ಆ ಹಕ್ಕಿ ಇಲ್ಲಿಯದಲ್ಲ.

ಬಂದೂಕು ಇಳಿಸಿ ಎಣಿಕೆ ಹಿಡಿಯುವ ಹೊತ್ತು ನಿಧಾನವಾಗಿ ಬಂತು. ಮೈಸೂರು ಸರ್ಕಾರದ ನೆರವಿನಿಂದ ಸಲೀಂ ಅಲಿ 1939-40ರಲ್ಲಿ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ವರದಿ ‘ದ ಬರ್ಡ್ಸ್ ಆಫ್ ಮೈಸೂರ್’ ಹೆಸರಿನಲ್ಲಿ 1942-43ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಬಂತು. ರಂಗನತಿಟ್ಟು ಪಕ್ಷಿಧಾಮವಾದದ್ದು 1940ರಲ್ಲಿ. ಆದರೆ ಕಾನೂನಿನ ಬಾಗಿಲು ಪೂರ್ತಿ ಮುಚ್ಚಲು ಇನ್ನೂ ಅರ್ಧ ಶತಮಾನ ಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೂ ಲೈಸೆನ್ಸ್ ಪಡೆದು ಸಣ್ಣ ಬೇಟೆಯಾಡಲು ಅವಕಾಶವಿತ್ತು. ಅದು ಹೋದದ್ದು 1991ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಬೆಂಗಳೂರಿನಲ್ಲಿ 1970ರ ದಶಕದಲ್ಲೇ ಜೋಸೆಫ್ ಜಾರ್ಜ್ ಮತ್ತು ಗೆಳೆಯರ ಹಕ್ಕಿ ವೀಕ್ಷಕರ ಕೂಟ ಬೇರು ಬಿಟ್ಟಿತ್ತು. 1987ರಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ಶುರುವಾಗಿ, ಜನವರಿ ತಿಂಗಳು ಕೆರೆ ಏರಿಗಳ ಮೇಲೆ ದುರ್ಬೀನು ಹಿಡಿದು ನಿಲ್ಲುವ ತಿಂಗಳಾಯಿತು. ಜನವರಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ: ಆಗ ಬರುವ ಹಕ್ಕಿ ಬಂದಾಗಿರುತ್ತದೆ, ಹೋಗುವ ಹಕ್ಕಿ ಇನ್ನೂ ಹೊರಟಿರುವುದಿಲ್ಲ.

ಮೂವತ್ತು ದೇಶಗಳ ಮೇಲೆ ಹಾಯುವ ಮಧ್ಯ ಏಷ್ಯಾದ ಹಾರುದಾರಿಯ ದಕ್ಷಿಣದ ತುದಿಯ ಕಡೆ ಈ ಕೆರೆಗಳಿವೆ. ಹಿಮಾಲಯ ದಾಟುವ ಪಟ್ಟೆತಲೆ ಹೆಬ್ಬಾತಿನ ದೊಡ್ಡ ಹಿಂಡುಗಳಿಗೆ ಹೆಸರಾದದ್ದು ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆ. ಹದಿನಾರಿನಲ್ಲಿ ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕಂಡಿವೆ. ಮಾಗಡಿ, ಅಂಕಸಮುದ್ರ ಕೆರೆಗಳಿಗೂ ಅಘನಾಶಿನಿ ಅಳಿವೆಗೂ 2024ರಲ್ಲಿ ಜೌಗುನೆಲಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮನ್ನಣೆ ಸಿಕ್ಕಿತು. ಕೋಲಾರದ ಕೆರೆಗಳಿಗೆ ಅಂಥ ಪದವಿಯಿಲ್ಲ. ಇಲ್ಲಿಯ ಬಲ ಒಂದು ದೊಡ್ಡ ಕೆರೆಯದಲ್ಲ, ಸರಪಳಿಯದು: ಒಂದು ಬತ್ತಿದರೆ ಪಕ್ಕದ್ದಕ್ಕೆ ಹಾರಿದರಾಯಿತು.

20ನೇ ಶತಮಾನದ ಉತ್ತರಾರ್ಧದಲ್ಲಿ ಕಡಿದುಬಿದ್ದದ್ದು ಆ ಸರಪಳಿಯೇ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಿಂದ ವಂಶಪಾರಂಪರ್ಯದ ಹಳ್ಳಿ ಉದ್ಯೋಗಗಳು ಕೊನೆಗೊಂಡವು. ಕೊಳವೆಬಾವಿ ಬಂದು ತೂಬಿನ ಸರದಿ ಕಾಯುವ ಅಗತ್ಯ ತಪ್ಪಿತು, ಹೂಳೆತ್ತುವ ಆಸ್ಥೆಯೂ ಅದರ ಜೊತೆ ಹೋಯಿತು. ಕೆರೆಗೆ ನೀರು ತರುವ ಕಾಲುವೆಗಳು ಒತ್ತುವರಿಯಾದವು, ಜಲಾನಯನದಲ್ಲಿ ನೀಲಗಿರಿ ತೋಪುಗಳೆದ್ದವು, ಅಂಗಳದಲ್ಲಿ ಜಾಲಿ ದಟ್ಟೈಸಿತು. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದವು. ಕೆರೆ ವರ್ಷಗಟ್ಟಲೆ ಒಣಗಿದ್ದಾಗ ಏರಿಯ ಮೇಲೆ ಕಾಣುತ್ತಿದ್ದದ್ದು ಟಿಟ್ಟಿಭ, ಬಾನಾಡಿಗಳಂಥ ಬಯಲ ಹಕ್ಕಿಗಳು.

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆನೀರು ಕೊಳವೆಯಲ್ಲಿ ಬಂದು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಅಲ್ಲಿಂದ ನರಸಾಪುರಕ್ಕೆ, ಮುಂದೆ ಕೆರೆಯಿಂದ ಕೆರೆಗೆ, ಹಳೆಯ ಸರಪಳಿಯ ದಾರಿಯಲ್ಲೇ. ಮರು ತಿಂಗಳೇ ನೊರೆ ಎದ್ದು ಹರಿವು ನಿಂತಿತು, ವಿವಾದ ನ್ಯಾಯಾಲಯಗಳನ್ನು ಹತ್ತಿ ಇಳಿಯಿತು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ಬೇಕು ಎಂಬುದು ರೈತ ಸಂಘಟನೆಗಳ ವಾದ. ಆಮೇಲೆ 2021ರ ನವೆಂಬರಿನ ಭಾರಿ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಬಿದ್ದವು.

ಬತ್ತಿದ್ದ ಕೆರೆಗೆ ನೀರು ಬಂದರೆ ಹಕ್ಕಿಯೂ ಬರುತ್ತದೆ, ಆದರೆ ಅದೇ ಹಕ್ಕಿಯೇ ಬರಬೇಕೆಂದಿಲ್ಲ. ಮಳೆಯ ಕೆರೆ ತುಂಬುತ್ತದೆ, ಇಳಿಯುತ್ತದೆ. ಕೊಳವೆಯ ಕೆರೆ ಬೇಸಿಗೆಯಲ್ಲೂ ಒಂದೇ ಮಟ್ಟದಲ್ಲಿ ನಿಲ್ಲಬಲ್ಲದು. ಸಾರಜನಕ, ರಂಜಕ ಹೆಚ್ಚಿರುವ ನೀರಿನಲ್ಲಿ ಪಾಚಿ, ಅಂತರಗಂಗೆ ಬೇಗ ಹಬ್ಬುತ್ತವೆ. ಸದಾ ತುಂಬಿದ ಆಳದ ನೀರು ನೀರುಕಾಗೆ, ಹೆಜ್ಜಾರ್ಲೆಯಂಥ ಮೀನುಗುಳಿಗಳಿಗೆ ಹಿಡಿಸುತ್ತದೆ. ಕಳೆ ದಟ್ಟವಾದಲ್ಲಿ ನಾಮದ ಕೋಳಿ, ನೇರಳೆ ಜಂಬುಕೋಳಿ ಹೆಚ್ಚುತ್ತವೆ. ನೀರಂಚು ಹಿಂದೆ ಸರಿಯದಿದ್ದರೆ ಉಲ್ಲಂಕಿ ಕೊಕ್ಕಿಳಿಸುವ ಕೆಸರು ಕಾಣಿಸಿಕೊಳ್ಳುವುದೇ ಇಲ್ಲ. ಜನವರಿಯ ಗಣತಿಗೆ ನಿಲ್ಲುವವರು ಹಕ್ಕಿಗಳ ಸಂಖ್ಯೆಯ ಜೊತೆಗೆ ಆ ದಿನ ಕೆರೆಯ ಅಂಚು ಎಲ್ಲಿತ್ತು ಎಂಬುದನ್ನೂ ಬರೆದುಕೊಳ್ಳಬೇಕಾಗಿರುವುದು ಈ ಕಾರಣಕ್ಕೆ.