ದಿನಚರಿಗೆ ಬೀಗ, ಬೀಗಕ್ಕೆ ಸಾಕ್ಷಿ

ಒಬ್ಬರ ದಿನಚರಿ ಪುಸ್ತಕ ಇನ್ನೊಬ್ಬರ ಕೈಗೆ ಸಿಕ್ಕರೆ ಏನೆಲ್ಲ ತಿಳಿಯುವುದಿಲ್ಲ? ಎಂದು ಊರಲ್ಲಿರುವುದಿಲ್ಲ, ಯಾವ ವೈದ್ಯರನ್ನು ಕಾಣಲಿದ್ದಾರೆ, ಯಾರೊಡನೆ ಮಾತುಕತೆ ಎಂಬುದೆಲ್ಲ ಬಯಲು. ಹಿಂದೆ ಆ ಪುಸ್ತಕ ಮೇಜಿನ ಖಾನೆಯಲ್ಲಿರುತ್ತಿತ್ತು. ಈಗ ಎಲ್ಲೋ ಒಂದು ಸರ್ವರ್‌ನಲ್ಲಿದೆ. ಫೋನು, ಕಂಪ್ಯೂಟರುಗಳು ಅಲ್ಲಿಂದ ತರಿಸಿಕೊಂಡು ತೋರಿಸುತ್ತವೆ.

ಹೀಗೆ ಕ್ಯಾಲೆಂಡರ್ ಹಂಚಿಕೊಳ್ಳಲೆಂದು 'ಕ್ಯಾಲ್‌ಡ್ಯಾವ್' ಎಂಬ ನಿಯಮಾವಳಿ 2007ರಲ್ಲಿ ಪ್ರಕಟವಾಯಿತು. ವೆಬ್ ಪುಟಗಳು ಸಾಗುವ ಹಾದಿಯೇ ಇದರದೂ. ಆ ಹಾದಿ ತೆರೆದೇ ಇದ್ದರೆ ನಡುವೆ ಕಾದು ನಿಂತವರು ದಿನಚರಿಯನ್ನಷ್ಟೇ ಅಲ್ಲ, ಪಾಸ್‌ವರ್ಡನ್ನೂ ಓದಿಬಿಡಬಹುದು. ಆದ್ದರಿಂದಲೇ ಗುಪ್ತ ಸಂಪರ್ಕದ ಸೌಲಭ್ಯ ಸರ್ವರ್‌ನಲ್ಲಿ ಇರಲೇಬೇಕೆಂದು ನಿಯಮಾವಳಿ ವಿಧಿಸಿತು.

ಅಂಥ ಸಂಪರ್ಕವನ್ನು ಮೊದಲು ಬಳಕೆಗೆ ತಂದದ್ದು ಅಮೆರಿಕದ ನೆಟ್‌ಸ್ಕೇಪ್ ಕಂಪನಿ, 1995ರಲ್ಲಿ. ಅದರ ಹೆಸರು ಎಸ್‌ಎಸ್‌ಎಲ್. ಈಜಿಪ್ಟ್ ಮೂಲದ ತಾಹೆರ್ ಎಲ್‌ಗಮಾಲ್ ಆಗ ಅಲ್ಲಿನ ಮುಖ್ಯ ವಿಜ್ಞಾನಿ. 1999ರಲ್ಲಿ ಅದರ ಮುಂದಿನ ರೂಪಕ್ಕೆ ಟಿಎಲ್‌ಎಸ್ ಎಂಬ ಹೆಸರು ಬಂದರೂ ಜನರ ಬಾಯಲ್ಲಿ ಉಳಿದದ್ದು ಹಳೆಯದೇ.

ಆದರೆ ಗುಟ್ಟಾಗಿ ಮಾತಾಡಿದರಷ್ಟೇ ಸಾಲದು, ಎದುರಿಗಿರುವವರು ಯಾರೆಂಬುದೂ ಖಚಿತವಾಗಬೇಕು. ಅದಕ್ಕೇ ಪ್ರಮಾಣಪತ್ರ. ಸರ್ವರ್ ನೋಡಿಕೊಳ್ಳುವವರು ಜೋಡಿ ಕೀಲಿಗಳನ್ನು ಸೃಷ್ಟಿಸಿ, ಗುಟ್ಟಿನದನ್ನು ತಮ್ಮಲ್ಲೇ ಇಟ್ಟುಕೊಂಡು, ಬಹಿರಂಗದ್ದನ್ನು ಸರ್ವರ್ ಹೆಸರಿನೊಂದಿಗೆ ಪ್ರಮಾಣೀಕರಣ ಸಂಸ್ಥೆಗೆ ಕಳಿಸುತ್ತಾರೆ. ಆ ಹೆಸರು ನಿಜಕ್ಕೂ ಅವರದೇ ಎಂದು ಪರೀಕ್ಷಿಸಿ ಸಂಸ್ಥೆ ಸಹಿ ಹಾಕುತ್ತದೆ. ಹೆಸರು ಸರಿಯೇ, ಅವಧಿ ಉಳಿದಿದೆಯೇ, ಸಹಿ ನಂಬಿಕಸ್ತರದೇ ಎಂದು ಫೋನು ನೋಡುತ್ತದೆ. ಒಂದು ತಪ್ಪಿದರೂ ಎಚ್ಚರಿಕೆ ಮೂಡುತ್ತದೆ.

ಸಾಕ್ಷಿ ಹೇಳುವವರ ಮನೆಗೇ ಕನ್ನ ಬಿದ್ದರೆ? 2011ರಲ್ಲಿ ಹಾಗೇ ಆಯಿತು. ನೆದರ್‌ಲೆಂಡ್ಸ್‌ನ ಡಿಜಿನೋಟಾರ್ ಸಂಸ್ಥೆಯೊಳಗೆ ನುಗ್ಗಿದವರು 500ಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರಗಳನ್ನು ಹೊರಡಿಸಿದರು. ಗೂಗಲ್ ಹೆಸರಿನದೂ ಅದರಲ್ಲಿತ್ತು. ಅದಕ್ಕೆ ಗುರಿಯಾದವರು ಹೆಚ್ಚಾಗಿ ಇರಾನಿನವರು. ಸುಮಾರು 3 ಲಕ್ಷ ಸಂಪರ್ಕಗಳಿಗೆ ಅದರ ಬಿಸಿ ತಟ್ಟಿತೆಂದು ತನಿಖೆ ಹೇಳಿತು. ಸಹಿ ಅಸಲಿಯಾದ್ದರಿಂದ ಬಹುತೇಕ ಬ್ರೌಸರ್‌ಗಳು ಸುಮ್ಮನಿದ್ದವು. ಗೂಗಲ್‌ನ ಪ್ರಮಾಣಪತ್ರ ಹೇಗಿರಬೇಕೆಂದು ಮೊದಲೇ ತಿಳಿದಿದ್ದ ಕ್ರೋಮ್ ಮಾತ್ರ ಎಚ್ಚರಿಸಿತು. ಅದನ್ನು ಇರಾನಿನ ಬಳಕೆದಾರರೊಬ್ಬರು ಗೂಗಲ್‌ಗೆ ತಿಳಿಸಿದ್ದರಿಂದ ಮೋಸ ಹೊರಬಿತ್ತು. ಮರುತಿಂಗಳೇ ಡಿಜಿನೋಟಾರ್ ದಿವಾಳಿಯಾಯಿತು.

ಆ ದಿನಗಳಲ್ಲಿ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ಹಣ ತೆತ್ತು ಪಡೆಯಬೇಕಿತ್ತು. 2015ರ ಕೊನೆಗೆ 'ಲೆಟ್ಸ್ ಎನ್‌ಕ್ರಿಪ್ಟ್' ಎಲ್ಲರಿಗೂ ಉಚಿತವಾಗಿ, 90 ದಿನಗಳ ಅವಧಿಗೆ ಕೊಡಲಾರಂಭಿಸಿತು. ಖರ್ಚು ತಪ್ಪಿತು, ನಿಗಾ ತಪ್ಪಲಿಲ್ಲ. ನವೀಕರಣ ಮರೆತರೆ ಕ್ಯಾಲೆಂಡರ್ ತೆರೆದವರಿಗೆ ಎಚ್ಚರಿಕೆಯೇ ಎದುರಾಗುತ್ತದೆ. "ಏನಾಗುವುದಿಲ್ಲ, ಮುಂದುವರಿಯಿರಿ" ಎನ್ನುವುದು ಕಚೇರಿಗಳಲ್ಲಿ ಸಾಮಾನ್ಯ. ಹಾಗೆ ಒತ್ತಿ ಒತ್ತಿ ರೂಢಿಯಾದ ಬೆರಳು ನಿಜವಾದ ಕಳ್ಳ ಬಂದ ದಿನವೂ ಒತ್ತುತ್ತದೆ. ಇರಾನಿನ ಆ ಬಳಕೆದಾರರು ಅಂದು ಎಚ್ಚರಿಕೆಯನ್ನು ಕಡೆಗಣಿಸಲಿಲ್ಲ. ಮಿಕ್ಕವರು ಉಳಿದದ್ದು ಅದರಿಂದ.