ದೊಡ್ಡಸ್ವಾಮಿಯವರ ಲಸಿಕೆ

ಕ್ರೈಸ್ತ ಗುರುಗಳು ಲಸಿಕೆಗೆ ಸದಾ ಅಡ್ಡ ನಿಂತರೆಂಬ ಮಾತು ಆಗಾಗ ಕೇಳಿಬರುತ್ತದೆ. ನಮ್ಮ ಮೈಸೂರು ಸೀಮೆಯ ಇತಿಹಾಸ ಬೇರೆಯದನ್ನೇ ಹೇಳುತ್ತದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಕಥೋಲಿಕರನ್ನು ಸಂತೈಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ. ಜನ ಅವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆಯುತ್ತಿದ್ದರು. ಜೆನ್ನರ್ ತಮ್ಮ ಶೋಧವನ್ನು ಪ್ರಕಟಿಸಿದ್ದು 1798ರಲ್ಲಿ. ಭಾರತದ ಮೊದಲ ಲಸಿಕೆ ಬಿದ್ದದ್ದು 1802ರ ಜೂನ್‌ನಲ್ಲಿ, ಮುಂಬಯಿಯ ಒಂದು ಮಗುವಿಗೆ. ಮರುವರ್ಷವೇ ದುಬ್ವಾ ಮೈಸೂರು ಸೀಮೆಯಲ್ಲಿ ಈ ಕೆಲಸಕ್ಕೆ ಕೈಹಾಕಿದರು. 1803-04ರಲ್ಲಿ ಅವರ ಉಸ್ತುವಾರಿಯಲ್ಲಿ 25,000ಕ್ಕೂ ಹೆಚ್ಚು ಮಂದಿಗೆ ಲಸಿಕೆಯಾಯಿತು. ಅದು ಸುಲಭವಾಗಿರಲಿಲ್ಲ. ಸಿಡುಬನ್ನು 'ಅಮ್ಮ' ಎಂದು ಪೂಜಿಸುವ ಸೀಮೆ ಇದು. ಲಸಿಕೆಯ ಕೀವನ್ನೋ ಒಬ್ಬರ ತೋಳಿನಿಂದ ಮತ್ತೊಬ್ಬರ ತೋಳಿಗೆ ದಾಟಿಸಬೇಕಿತ್ತು. ಅದು ಯಾರ ಮೈಯಿಂದ ಬಂದದ್ದು ಎಂಬ ಅಳುಕು ಸಹಜವೇ.

ಮೂಲದ ಕುರಿತ ಈ ಅಳುಕು ಇಂದು ಬೇರೆ ರೂಪದಲ್ಲಿ ಕಥೋಲಿಕರನ್ನೇ ಕಾಡಿದೆ. 2021ರಲ್ಲಿ ಬಿಟಿಎಂ ಲೇಔಟ್‌ನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, "ಸಾರ್, ಕೋವಿಶೀಲ್ಡ್ ಹಾಕಿಸಿಕೊಂಡರೆ ಪಾಪವೇ?" ಎಂದು ಕೇಳಿದಳು. ಆ ಲಸಿಕೆಯ ತಯಾರಿಕೆಗೆ ಬಳಸಿದ ಕೋಶಗಳು 1970ರ ದಶಕದ ಒಂದು ಭ್ರೂಣದಿಂದ ಪಡೆದ ಕೋಶಗಳ ಸಂತತಿ. ಗರ್ಭಪಾತವನ್ನು ಘೋರ ಪಾಪವೆಂದು ನಂಬುವವಳಿಗೆ ಇದು ಸಣ್ಣ ಪ್ರಶ್ನೆಯಲ್ಲ. ಕೋವ್ಯಾಕ್ಸಿನ್ ತಯಾರಿಕೆಗೆ ಬಳಸಿದ್ದು ಕೋತಿಯ ಕೋಶಗಳನ್ನು. ಆದರೆ ಮೊದಮೊದಲು ನಮಗೆ ಆಯ್ಕೆಯೇ ಇರಲಿಲ್ಲ.

ರುಬೆಲ್ಲಾ ಲಸಿಕೆಯ ಕುರಿತು ಇದೇ ಪ್ರಶ್ನೆ ಎದ್ದಾಗ ವ್ಯಾಟಿಕನ್ನಿನ ಜೀವ ಅಕಾಡೆಮಿ 2005ರಲ್ಲಿಯೇ ಉತ್ತರ ಕೊಟ್ಟಿತ್ತು. 2020ರ ಡಿಸೆಂಬರ್ 21ರಂದು ವ್ಯಾಟಿಕನ್ ಮತ್ತಷ್ಟು ಸ್ಪಷ್ಟಪಡಿಸಿತು: ದೋಷರಹಿತ ಲಸಿಕೆ ಸಿಗದಿದ್ದಾಗ ಇದನ್ನು ಪಡೆಯಬಹುದು, ಪಡೆದವರು ಗರ್ಭಪಾತವನ್ನು ಒಪ್ಪಿದಂತಾಗದು, ಲಸಿಕೆ ಐಚ್ಛಿಕವಾಗಿರಬೇಕು, ಆದರೆ ಆತ್ಮಸಾಕ್ಷಿಯಿಂದ ನಿರಾಕರಿಸುವವರು ಇತರರಿಗೆ ರೋಗ ಹರಡದಂತೆ ಬೇರೆ ಎಚ್ಚರ ವಹಿಸಲೇಬೇಕು. ನಿರ್ದೋಷ ಲಸಿಕೆಗಳನ್ನು ಒದಗಿಸುವಂತೆ ಕಂಪನಿಗಳಿಗೂ ಸರ್ಕಾರಗಳಿಗೂ ಅದು ಕರೆಕೊಟ್ಟಿತು. ಇದನ್ನೆಲ್ಲ ಆಕೆಗೆ ಓದಿ ಹೇಳಿದೆ. ತೀರ್ಮಾನವನ್ನು ಅವಳಿಗೇ ಬಿಟ್ಟೆ.

ಪ್ರಿಯ ಶಿಷ್ಯರೇ, ಬಂಧುಗಳೇ, ಇಂಥ ಅಳುಕನ್ನು ಮೌಢ್ಯವೆಂದು ಹಳಿಯಬೇಡಿ, ತಾಳ್ಮೆಯಿಂದ ಉತ್ತರಿಸಿ. ದುಬ್ವಾ 1823ರಲ್ಲಿ ತಾಯ್ನಾಡಿಗೆ ಮರಳಿದಾಗ, ಹಿಂದೂಗಳನ್ನು ಮತಾಂತರಿಸುವ ಯತ್ನ ವಿಫಲವಾಯಿತೆಂದು ನೇರವಾಗಿಯೇ ಬರೆದರು. ಆದರೆ ಅವರ ಧರ್ಮವನ್ನು ಒಪ್ಪದ ಎಷ್ಟೋ ಮನೆಗಳು ಮಕ್ಕಳ ತೋಳನ್ನು ಅವರ ಮುಂದೆ ಚಾಚಿದ್ದವು. ಆ ವಿಶ್ವಾಸವೂ ಒಂದು ಸಾಧನೆಯೇ ಎಂದು ನನ್ನ ನಂಬಿಕೆ.